ಒಂದು ಕುರಿಯವನಿಗೂ ಒಬ್ಬ ವಕೀಲ

'ವಕೀಲ' ಎಂಬ ಪದ ಅರಬಿಯಿಂದ ಹೊರಟು, ಫಾರಸಿಯ ದಾರಿಯಲ್ಲಿ ಬಂದು ಕನ್ನಡದ ಮನೆಮಾತಾಯಿತು. ಯಾರಲ್ಲಿ ಭರವಸೆ ಇಟ್ಟು ನಮ್ಮ ಕಾರ್ಯವನ್ನು ಒಪ್ಪಿಸಿಬಿಡುತ್ತೇವೆಯೋ ಆತನೇ ವಕೀಲ. ಅಲ್ಲಾಹನ ಸುಂದರ ನಾಮಗಳಲ್ಲಿ 'ಅಲ್ ವಕೀಲ್' ಎಂಬುದೂ ಒಂದು. ತನ್ನಿಂದಾಗದ್ದನ್ನು ನಂಬಿ ಒಪ್ಪಿಸಬಹುದಾದವನು ಎಂಬ ದೊಡ್ಡ ಅರ್ಥ ಆ ಪದಕ್ಕಿದೆ. ಆದರೆ ನಮ್ಮ ಊರುಗಳ ಬಡವನಿಗೆ ಇಂದು ಆ ಪದ ಕೇಳಿದಾಗ ಭರವಸೆಗಿಂತ ಮೊದಲು ಫೀಸು ನೆನಪಾಗುತ್ತದೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಅವನು ತನ್ನ ಅನುಭವದಿಂದಲೇ ಹೇಳುತ್ತಾನೆ.

ಹಾಗಾದರೆ ಗೆಲ್ಲುವುದಿರಲಿ, ಸೋಲುವುದಕ್ಕೂ ಕೋರ್ಟಿನವರೆಗೆ ಹೋಗಲಾಗದವನ ಗತಿಯೇನು? ಬಾಡಿಗೆ ಮನೆಯಿಂದ ಹೊರಹಾಕಲ್ಪಡುವ ಕುಟುಂಬದ ಪರವಾಗಿ ಒಬ್ಬರು ನಿಂತು ಮಾತಾಡುವುದು ದಯೆಯೇ? ಅಥವಾ ಅದು ನ್ಯಾಯದ ಒಂದು ಭಾಗವೇ? ದಯೆಯಾದರೆ ತೋರಿಸಬಹುದು, ತೋರಿಸದೆಯೂ ಇರಬಹುದು. ನ್ಯಾಯದ ಭಾಗವಾದರೆ, ಅದಿಲ್ಲದೆ ಬಂದ ತೀರ್ಪನ್ನು ತೀರ್ಪೆಂದು ಕರೆಯುವುದೇ ಕಷ್ಟ. ಈ ಪ್ರಶ್ನೆಯನ್ನು ಗಾಳಿಯಲ್ಲಿ ಬಿಡುವ ಬದಲು ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆಯ ನೆಲದ ಮೇಲೆ ಇಟ್ಟು ನೋಡೋಣ. ಮನೆಯ ಹಕ್ಕು ಎಂಬುದು ಎಷ್ಟು ತೆಳುವಾದ ಕಾಗದದ ಮೇಲೆ ನಿಂತಿದೆ ಎಂಬುದನ್ನು ಆ ನೆಲಕ್ಕಿಂತ ಚೆನ್ನಾಗಿ ತೋರಿಸುವ ಜಾಗ ಕರ್ನಾಟಕದಲ್ಲಿ ವಿರಳ.

1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪೆನಿ ಇಲ್ಲಿಗೆ ಕಾಲಿಟ್ಟಿತು. ಉತ್ತರ ಆರ್ಕಾಟ್, ಚಿತ್ತೂರು ಮುಂತಾದ ಕಡೆಗಳಿಂದ ಸಾವಿರಾರು ಜನ ಗಣಿಗೆ ಬಂದರು. ಅವರಲ್ಲಿ ಹೆಚ್ಚಿನವರು ತಮಿಳು ಮಾತಾಡುವ ದಲಿತರು. ತೆಲುಗರು, ಕನ್ನಡಿಗರು, ಮುಸ್ಲಿಮರು, ಆಂಗ್ಲೋ ಇಂಡಿಯನ್ನರು ಕೂಡ ಇದ್ದರು. ದುಡಿಯುವವರಿಗೆ ಕಂಪೆನಿ ಸಾಲುಮನೆಗಳನ್ನು ಕೊಟ್ಟಿತು. ಜನ ಅವುಗಳನ್ನು 'ಲೈನ್' ಎಂದೇ ಕರೆದರು. ಚಾಂಪಿಯನ್ ರೀಫ್, ಮಾರಿಕುಪ್ಪಂ, ಊರ್ಗಾಂ, ಕೋರಮಂಡಲ್‌ಗಳಲ್ಲಿ ಇಂದಿಗೂ ಲೈನ್ ಎಂಬ ಮಾತೇ ವಿಳಾಸ. ಈ ಮನೆಗಳ ಒಂದು ಗುಣವನ್ನು ಮರೆಯಬಾರದು. ಅವು ಕೆಲಸಕ್ಕೆ ಅಂಟಿಕೊಂಡ ಮನೆಗಳು. ಕೆಲಸ ಇರುವವರೆಗೆ ಸೂರು, ಕೆಲಸ ಹೋದರೆ ಸೂರೂ ಹೋಯಿತು. ಧಣಿಯೇ ಮನೆಯ ಯಜಮಾನನೂ ಆಗಿದ್ದಾಗ ಧಣಿಯೆದುರು ಬಾಯಿ ತೆರೆಯುವುದೆಂದರೆ ಹೆಂಡತಿ ಮಕ್ಕಳ ತಲೆಯ ಮೇಲಿನ ತಗಡನ್ನು ಪಣಕ್ಕಿಟ್ಟಂತೆ.

ಹಾಗಿದ್ದರೂ ಅವರು ಬಾಯಿ ತೆರೆದರು. 1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮ ಬಂದಾಗ ಇಡೀ ಗಣಿ ಸುಮಾರು ಮೂರು ವಾರ ನಿಂತುಹೋಯಿತು. ಓದಲಾರದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರೆ ಏನಾಗಬಹುದು ಎಂಬ ಭಯ ಆ ಮುಷ್ಕರದಲ್ಲಿತ್ತು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಸಂಘ ಕಟ್ಟಿದ ಈ ಜನ ಮೂಕರಾಗಿರಲಿಲ್ಲ ಎಂಬುದಕ್ಕೆ ಇಂಥ ಸಾಕ್ಷಿಗಳು ಹಲವು.

1956ರಲ್ಲಿ ಗಣಿಗಳು ಮೈಸೂರು ಸರಕಾರದ ಕೈಗೂ, 1962ರಲ್ಲಿ ಕೇಂದ್ರದ ಕೈಗೂ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಜನರ ಬಾಯಲ್ಲಿ ಬಿಜಿಎಂಎಲ್, ಸ್ಥಾಪನೆಯಾಯಿತು. 2001ರ ಫೆಬ್ರವರಿ ಕಳೆದು ಮಾರ್ಚ್ ಬರುವಷ್ಟರಲ್ಲಿ ಗಣಿ ಮುಚ್ಚಿತು. ಒಂದು ಕಾಲದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಕೆಲಸ ಕೊಟ್ಟಿದ್ದ ಗಣಿಯಲ್ಲಿ ಕೊನೆಗೆ ಉಳಿದಿದ್ದವರು ಕೆಲವೇ ಸಾವಿರ. ಯೂನಿಯನ್ನುಗಳು ಹೈಕೋರ್ಟಿಗೆ ಹೋದವು, ಸುಪ್ರೀಂ ಕೋರ್ಟಿಗೂ ಹೋದವು. 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಜಾಗತಿಕ ಟೆಂಡರಿಗೆ ದಾರಿ ಬಿಟ್ಟು ತೀರ್ಪು ಕೊಟ್ಟಿತು. ತೀರ್ಪು ಏನೇ ಇರಲಿ, ಗಣಿಯ ವಿಚಾರದಲ್ಲಿ ಕಾರ್ಮಿಕರ ಮಾತು ದಿಲ್ಲಿಯವರೆಗೂ ಕೇಳಿಸಿತು. ಏಕೆಂದರೆ ಅಲ್ಲಿ ಅವರು ಒಂದಾಗಿದ್ದರು, ಚಂದಾ ಎತ್ತಿ ವಕೀಲರನ್ನು ಇಡುವ ಶಕ್ತಿ ಅವರಿಗಿತ್ತು.

ಮನೆಯ ವಿಷಯ ಹಾಗಲ್ಲ. ನೋಟಿಸು ಬರುವುದು ಸಂಘಕ್ಕಲ್ಲ, ಒಂದು ಬಾಗಿಲಿಗೆ. ಆ ಬಾಗಿಲು ತೆರೆಯುವವಳು ಬಹುಶಃ ಸಿಲಿಕೋಸಿಸ್‌ನಿಂದ ತೀರಿಹೋದ ಕಾರ್ಮಿಕನ ವಿಧವೆ. ಮುಷ್ಕರಕ್ಕೆ ಜೊತೆಯಾಗಿ ಬರುವ ಊರು ಒಕ್ಕಲೆಬ್ಬಿಸುವಾಗ ಪಕ್ಕದ ಬಾಗಿಲಲ್ಲಿ ನಿಂತು ನೋಡುತ್ತದೆ. ಅದಕ್ಕೂ ಕಾರಣವಿದೆ: ನಾಳೆ ತನ್ನ ಬಾಗಿಲು.

ಕಾನೂನಿನ ಭಾಷೆಯಲ್ಲಿ ಈ ಮನೆ ಏನು ಎಂದು ನೋಡಿ. ಕೇಂದ್ರ ಸರಕಾರದ ಕಂಪೆನಿಗಳ ಕಟ್ಟಡಗಳಿಗೆ 1971ರ ಸಾರ್ವಜನಿಕ ಆವರಣಗಳ ತೆರವು ಕಾಯ್ದೆ ಅನ್ವಯಿಸುತ್ತದೆ. ವಾಸಕ್ಕೆ ಕೊಟ್ಟಿದ್ದ ಅನುಮತಿ ಮುಗಿದ ಮೇಲೆ ಅಲ್ಲಿರುವವನು 'ಅನಧಿಕೃತ ನಿವಾಸಿ'. ಮೂರು ತಲೆಮಾರು ಅದೇ ಅಡುಗೆಮನೆಯಲ್ಲಿ ಉಂಡಿದ್ದರೂ ಅಷ್ಟೆ. ಪ್ರಕರಣವನ್ನು ವಿಚಾರಿಸುವವರು ನ್ಯಾಯಾಧೀಶರಲ್ಲ, ಎಸ್ಟೇಟ್ ಅಧಿಕಾರಿ. ಆತ ಅದೇ ಸಂಸ್ಥೆಯ ಅಧಿಕಾರಿಯಾಗಿರಲು ಕಾಯ್ದೆಯ ಅಡ್ಡಿಯಿಲ್ಲ. ಸಿವಿಲ್ ಕೋರ್ಟಿಗೆ ಹೋಗುವ ದಾರಿಯನ್ನು ಕಾಯ್ದೆ ಮುಚ್ಚಿದೆ. ಉಳಿದಿರುವುದು ಜಿಲ್ಲಾ ನ್ಯಾಯಾಧೀಶರಿಗೆ ಮೇಲ್ಮನವಿ, ಅದಕ್ಕೆ ಅವಧಿ 12 ದಿನ. ಹನ್ನೆರಡು ದಿನದಲ್ಲಿ ಆದೇಶವನ್ನು ಓದಿಸಿಕೊಳ್ಳಬೇಕು, ಅರ್ಥಮಾಡಿಕೊಳ್ಳಬೇಕು, ವಕೀಲರನ್ನು ಹುಡುಕಬೇಕು, ಹಣ ಹೊಂದಿಸಬೇಕು. ಮನೆಮಾತು ತಮಿಳೋ ತೆಲುಗೋ ದಖ್ಖನಿ ಉರ್ದುವೋ ಆಗಿದ್ದು, ಆದೇಶ ಇಂಗ್ಲಿಷಿನಲ್ಲಿ ಬಂದರೆ ಈ ಹನ್ನೆರಡು ದಿನ ಎಷ್ಟು ದಿನ? ಗಣಿ ಮುಚ್ಚಿದಂದಿನಿಂದ ಮಾಜಿ ಕಾರ್ಮಿಕರು ತಾವಿರುವ ಮನೆಯ ಹಕ್ಕುಪತ್ರ ಕೇಳುತ್ತ ಬಂದಿರುವುದು ಸುಮ್ಮನೆ ಅಲ್ಲ. ಕಾಗದವಿಲ್ಲದವನ ಮಾತನ್ನು ಕಾಗದವೇ ನುಂಗಿಬಿಡುತ್ತದೆ ಎಂಬುದು ಅವರಿಗೆ ಗೊತ್ತು.

ಮಾರಿಕುಪ್ಪಂನಿಂದ ರೈಲು ಹತ್ತಿ ಸುಮಾರು ಹದಿನಾರು ಕಿಲೋಮೀಟರ್ ಬಂದರೆ ಬಂಗಾರಪೇಟೆ. ಬ್ರಿಟಿಷ್ ಕಮಿಷನರ್ ಬೌರಿಂಗ್ ಹೆಸರಿನ 'ಬೌರಿಂಗ್‌ಪೇಟೆ'ಯೇ ಮುಂದೆ ಬಂಗಾರಪೇಟೆಯಾಯಿತು. ಗಣಿ ಮುಚ್ಚಿದ ಮೇಲೆ ಈ ರೈಲೇ ಅನ್ನದ ದಾರಿ. ಪ್ರತಿದಿನ ಬೆಳಕು ಹರಿಯುವ ಮುನ್ನ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಬೆಂಗಳೂರಿನ ಬಾಡಿಗೆ ಕೊಡಲಾಗದವರು ಬಂಗಾರಪೇಟೆಯಲ್ಲಿ, ರಾಬರ್ಟ್‌ಸನ್‌ಪೇಟೆಯಲ್ಲಿ, ಆಂಡರ್ಸನ್‌ಪೇಟೆಯಲ್ಲಿ ಮನೆ ಹಿಡಿಯುತ್ತಾರೆ. ಲೈನಿನ ಮನೆಗೂ ಇಲ್ಲಿನ ಬಾಡಿಗೆ ಮನೆಗೂ ಕಾನೂನು ಬೇರೆ, ಯಜಮಾನನೂ ಬೇರೆ. ಆದರೆ ಒಕ್ಕಲೆಬ್ಬಿಸುವಾಗಿನ ಮೌನ ಒಂದೇ.

ಇಲ್ಲಿ ಅನ್ವಯಿಸುವುದು 1999ರ ಕರ್ನಾಟಕ ಬಾಡಿಗೆ ಕಾಯ್ದೆ. 1961ರ ಹಳೆಯ ಬಾಡಿಗೆ ನಿಯಂತ್ರಣ ಕಾಯ್ದೆಯನ್ನು ತೆಗೆದು 2001ರ ಡಿಸೆಂಬರ್ 31ರಿಂದ ಇದನ್ನು ಜಾರಿಗೆ ತಂದರು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ಕಾಯ್ದೆಯ ರಕ್ಷಣೆಯಿಂದ ಹೊರಗೆ. ಇಂದು ಎರಡು ಸಾವಿರಕ್ಕೆ ಎಂಥ ಮನೆ ಸಿಗುತ್ತದೆ? ಉಳಿದವರಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಗತಿ. ತಿಂಗಳ ಬಾಡಿಗೆಯವನಿಗೆ ಹದಿನೈದು ದಿನದ ನೋಟಿಸು ಕೊಟ್ಟರೆ ಕಾನೂನಿನ ಪ್ರಕಾರ ಬಾಡಿಗೆ ಸಂಬಂಧ ಮುಗಿಯಿತು.

ಬಾಡಿಗೆ ಕಾಯ್ದೆಯೊಳಗೇ ಉಳಿದವನಿಗಾದರೂ ನೆಮ್ಮದಿಯುಂಟೇ? ಬಾಕಿ ಬಾಡಿಗೆಯ ಕಾರಣಕ್ಕೆ ತೆರವು ಕೇಳಬೇಕಾದರೆ ಮಾಲೀಕ ಮೊದಲು ನೋಟಿಸು ಕೊಡಬೇಕು. ಎರಡು ತಿಂಗಳೊಳಗೆ ಬಾಕಿ ತೀರಿಸಿದರೆ ಆ ಕಾರಣ ನಿಲ್ಲುವುದಿಲ್ಲ. ಇದು ಬಡವನಿಗೆ ಸಿಕ್ಕಿರುವ ದೊಡ್ಡ ಅವಕಾಶ. ಆದರೆ ಎಷ್ಟು ಜನರಿಗೆ ಗೊತ್ತು? ಅದೇ ಕಾಯ್ದೆಯಲ್ಲಿ ಇನ್ನೊಂದು ಷರತ್ತಿದೆ. ಮೊಕದ್ದಮೆ ನಡೆಯುವಾಗ ಬಾಕಿಯನ್ನೂ ಆಗಾಗಿನ ಬಾಡಿಗೆಯನ್ನೂ ಮಾಲೀಕನಿಗೆ ಕೊಡದೆ, ಕೋರ್ಟಿನಲ್ಲಿ ಠೇವಣಿಯನ್ನೂ ಇಡದೆ ಇದ್ದರೆ ಬಾಡಿಗೆದಾರನಿಗೆ ಎದುರುವಾದ ಮಾಡುವ ಹಕ್ಕೇ ಇಲ್ಲ. ಜಗಳವಾದ ಮೇಲೆ ಮಾಲೀಕ ಬಾಡಿಗೆ ತೆಗೆದುಕೊಳ್ಳಲು ಒಪ್ಪುವುದಿಲ್ಲ. "ಅವರೇ ಬೇಡ ಅಂದರು, ನಾನೇನು ಮಾಡಲಿ" ಎಂದು ಬಾಡಿಗೆದಾರ ಸುಮ್ಮನಾಗುತ್ತಾನೆ. ಆ ಸುಮ್ಮನಿರುವಿಕೆಯೇ ಅವನ ಬಾಯಿಗೆ ಬೀಗವಾಗುತ್ತದೆ. ಇದನ್ನು ತಿಳಿಸಿ ಹೇಳಲು ಒಬ್ಬ ವಕೀಲನಿಗೆ ಐದು ನಿಮಿಷ ಸಾಕು. ಆ ಐದು ನಿಮಿಷ ಸಿಗದ ಕಾರಣ ಮನೆ ಹೋಗುತ್ತದೆ.

ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. ಬಂಗಾರಪೇಟೆಯಿಂದ ದಿನವೂ ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗುವವಳು. ಹನ್ನೊಂದು ತಿಂಗಳ ಕರಾರು ಮುಗಿದಿದೆ. ಮುಂಗಡವಾಗಿ ಕೊಟ್ಟ ಐವತ್ತು ಸಾವಿರಕ್ಕೆ ರಸೀದಿಯಿಲ್ಲ. ಕೋರ್ಟಿನ ಅಮೀನ ಹಗಲು ಹೊತ್ತು ಬಂದಾಗ ಮನೆಗೆ ಬೀಗ. ಸಮನ್ಸು ಬಾಗಿಲಿಗೆ ಅಂಟುತ್ತದೆ. ವಾಯಿದೆಯ ದಿನ ಹೋದರೆ ದಿನಗೂಲಿಯೂ ಹಾಜರಾತಿ ಭತ್ಯೆಯೂ ಹೋಗುತ್ತದೆ. ಹೋದರೂ ಹೆಸರು ಕೂಗುವ ಹೊತ್ತಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದು. ಹೋಗದಿದ್ದರೆ ಏಕಪಕ್ಷೀಯ ತೀರ್ಪು. ಇದರಲ್ಲಿ ಯಾರದ್ದೂ ದುಷ್ಟತನವಿಲ್ಲ. ಮಾಲೀಕ ಸುಳ್ಳು ಹೇಳಿಲ್ಲ, ನ್ಯಾಯಾಧೀಶರು ಲಂಚ ತಿಂದಿಲ್ಲ, ಅಮೀನ ತನ್ನ ಕೆಲಸ ಮಾಡಿದ್ದಾನೆ. ಎಲ್ಲರೂ ಸರಿಯಾಗಿಯೇ ನಡೆದುಕೊಂಡರೂ ಅನ್ಯಾಯ ನಡೆದುಹೋಗಬಹುದು ಎಂಬುದೇ ಈ ಸಮಸ್ಯೆಯ ನೈತಿಕ ತಿರುಳು.

ಪ್ರವಾದಿ(ಸ)ಯವರು ಈ ತಿರುಳನ್ನು ಹದಿನಾಲ್ಕು ಶತಮಾನಗಳ ಹಿಂದೆಯೇ ತೆರೆದು ತೋರಿಸಿದ್ದರು. ಬುಖಾರಿ ಮತ್ತು ಮುಸ್ಲಿಮ್ ಸಂಗ್ರಹಗಳಲ್ಲಿ ಉಮ್ಮು ಸಲಮಾ(ರ) ಅವರಿಂದ ವರದಿಯಾದ ಒಂದು ಹದೀಸ್ ಇದೆ. ಅದರ ಸಾರ ಇಷ್ಟು: ನೀವು ನನ್ನ ಬಳಿ ವ್ಯಾಜ್ಯ ತರುತ್ತೀರಿ, ನಿಮ್ಮಲ್ಲೊಬ್ಬ ಇನ್ನೊಬ್ಬನಿಗಿಂತ ಚೆನ್ನಾಗಿ ವಾದಿಸಬಲ್ಲವನಾಗಿರಬಹುದು, ನಾನು ಕೇಳಿದ್ದರ ಮೇಲೆ ತೀರ್ಪು ಕೊಡುತ್ತೇನೆ, ಹಾಗೆ ಯಾರಿಗಾದರೂ ಅವನ ಸಹೋದರನ ಹಕ್ಕು ಸಿಕ್ಕಿಬಿಟ್ಟರೆ ಅವನಿಗೆ ಸಿಕ್ಕಿದ್ದು ಬೆಂಕಿಯ ತುಂಡು. ಈ ಮಾತಿನ ಗಾಂಭೀರ್ಯವನ್ನು ನಾವು ಸಾಮಾನ್ಯವಾಗಿ ವಾದಿ ಪ್ರತಿವಾದಿಗಳ ಪ್ರಾಮಾಣಿಕತೆಗೆ ಮಾತ್ರ ಸೀಮಿತಗೊಳಿಸುತ್ತೇವೆ. ಆದರೆ ಅದರಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ಮಾನವರಲ್ಲೇ ಶ್ರೇಷ್ಠ ನ್ಯಾಯಾಧೀಶರು ಕುಳಿತಿದ್ದರೂ, ತೂಕವಾಗುವುದು ಕೇಳಿಸಿದ ಮಾತು ಮಾತ್ರ. ಕೇಳಿಸದ ಸತ್ಯಕ್ಕೆ ತಕ್ಕಡಿಯಲ್ಲಿ ಭಾರವಿಲ್ಲ. ಪ್ರವಾದಿಯವರ ಸನ್ನಿಧಿಯಲ್ಲೇ ವಾಕ್ಚಾತುರ್ಯಕ್ಕೆ ಇಷ್ಟು ಬಲವಿರಬಹುದಾದರೆ, ದಿನಕ್ಕೆ ನೂರಾರು ಪ್ರಕರಣ ಕರೆಯುವ ತಾಲ್ಲೂಕು ಕೋರ್ಟಿನಲ್ಲಿ ಎಷ್ಟಿರಬೇಡ?

ಪವಿತ್ರ ಕುರ್‌ಆನ್‌ನ 'ಸ್ವಾದ್' ಅಧ್ಯಾಯದಲ್ಲಿ ಪ್ರವಾದಿ ದಾವೂದ್(ಅ) ಅವರ ಬಳಿಗೆ ಬಂದ ಇಬ್ಬರ ವೃತ್ತಾಂತವಿದೆ. ಒಬ್ಬನಲ್ಲಿ ತೊಂಬತ್ತೊಂಬತ್ತು ಕುರಿಗಳು, ಇನ್ನೊಬ್ಬನಲ್ಲಿ ಒಂದೇ. ಆ ಒಂದನ್ನೂ ತನಗೇ ಒಪ್ಪಿಸೆಂದು ಮೊದಲನೆಯವನು ಕೇಳುತ್ತಾನೆ. ಒಂದು ಕುರಿಯವನ ದೂರಿನಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅವನು ಬಲಾತ್ಕಾರದಿಂದ ಕಿತ್ತುಕೊಂಡನೆಂದು ಹೇಳುವುದಿಲ್ಲ. ಮಾತಿನಲ್ಲಿ ನನ್ನನ್ನು ಸೋಲಿಸಿದ ಎನ್ನುತ್ತಾನೆ. ಬಡವನು ಆಸ್ತಿ ಕಳೆದುಕೊಳ್ಳುವ ಬಗೆ ಎಂದಿನಿಂದಲೂ ಹೀಗೆಯೇ. ದೊಣ್ಣೆಗಿಂತ ಮೊದಲು ಮಾತು ಬರುತ್ತದೆ. ಇಂದು ಆ ಮಾತು ಕರಾರಿನ ರೂಪದಲ್ಲಿ, ನೋಟಿಸಿನ ರೂಪದಲ್ಲಿ, ಕಲಮು ಉಪಕಲಮುಗಳ ರೂಪದಲ್ಲಿ ಬರುತ್ತದೆ.

ಆದರೆ ಆ ವೃತ್ತಾಂತ ಅಲ್ಲಿಗೇ ಮುಗಿಯುವುದಿಲ್ಲ. ದಾವೂದ್(ಅ) ಬಡವನ ಪರವಾಗಿ ಕೂಡಲೇ ಮಾತಾಡಿದರು. ಬಳಿಕ, ಇದು ತನ್ನ ಪರೀಕ್ಷೆ ಎಂದು ತಿಳಿದು ಅಲ್ಲಾಹನ ಕ್ಷಮೆ ಬೇಡಿದರು. ಕೆಲವು ವ್ಯಾಖ್ಯಾನಕಾರರು ಇದಕ್ಕೆ ಕೊಡುವ ಕಾರಣ, ಎದುರುಕಕ್ಷಿಯನ್ನು ಕೇಳುವ ಮೊದಲೇ ಅವರು ನಿರ್ಣಯ ಹೇಳಿದ್ದು. ಹಝ್ರತ್ ಅಲಿ(ರ) ಅವರನ್ನು ಯಮನ್‌ಗೆ ನ್ಯಾಯಾಧೀಶರಾಗಿ ಕಳುಹಿಸುವಾಗಲೂ ಪ್ರವಾದಿ(ಸ) ಇದನ್ನೇ ಬೋಧಿಸಿದ್ದರು: ಒಬ್ಬನನ್ನು ಕೇಳಿದಂತೆ ಇನ್ನೊಬ್ಬನನ್ನೂ ಕೇಳುವವರೆಗೆ ತೀರ್ಪು ಬೇಡ. ಅಂದರೆ ಬಡವನ ಮೇಲಿನ ಕನಿಕರವೂ ನ್ಯಾಯವಲ್ಲ. ನ್ಯಾಯ ಎಂದರೆ ಇಬ್ಬರ ಮಾತೂ ಸಮವಾಗಿ ಕೇಳಿಸುವ ಏರ್ಪಾಡು. ಬಾಡಿಗೆದಾರನಿಗೆ ವಕೀಲ ಬೇಕು ಎನ್ನುವವನು ಬಾಡಿಗೆದಾರನೇ ಗೆಲ್ಲಬೇಕು ಎನ್ನುತ್ತಿಲ್ಲ. ಯಾರು ಗೆಲ್ಲಬೇಕೆಂದು ತಿಳಿಯಲು ಎರಡನೆಯ ದನಿಯೂ ಬೇಕು ಎನ್ನುತ್ತಿದ್ದಾನೆ.

ಆ ದನಿ ತನ್ನದೇ ಆಗಬೇಕಿಲ್ಲ, ಬೇರೊಬ್ಬರದಾಗಬಹುದು ಎಂಬುದಕ್ಕೂ ಪರಂಪರೆಯಲ್ಲಿ ಆಧಾರವಿದೆ. ಫಿರ್‌ಔನ್‌ನ ಆಸ್ಥಾನಕ್ಕೆ ಹೋಗಬೇಕಾದಾಗ ಮೂಸಾ(ಅ), ತನಗಿಂತ ಸ್ಪಷ್ಟವಾಗಿ ಮಾತಾಡುವ ಸಹೋದರ ಹಾರೂನ್‌ರನ್ನು ಜೊತೆಗೆ ಕಳುಹಿಸುವಂತೆ ಅಲ್ಲಾಹನಲ್ಲಿ ಬೇಡಿದರು. ಸತ್ಯ ತನ್ನ ಕಡೆಗಿದೆ ಎಂಬ ಖಚಿತತೆ ಇದ್ದವರೇ, ಅಧಿಕಾರದ ಎದುರು ಸತ್ಯಕ್ಕೂ ನಾಲಗೆ ಬೇಕೆಂದು ಅರಿತಿದ್ದರು. ಹಝ್ರತ್ ಅಲಿ(ರ) ಅವರಂಥ ಜ್ಞಾನಿಯೇ ವ್ಯಾಜ್ಯಗಳಲ್ಲಿ ತಾವು ಹಾಜರಾಗುವ ಬದಲು ಸಹೋದರ ಅಕೀಲ್‌ರನ್ನೂ, ಬಳಿಕ ಸಹೋದರನ ಮಗ ಅಬ್ದುಲ್ಲಾ ಬಿನ್ ಜಅಫರ್‌ರನ್ನೂ ವಕೀಲರಾಗಿ ನೇಮಿಸಿದ್ದರು. ಅಂಥವರಿಗೇ ಬೇಕಾಗಿದ್ದುದು ಚಾಂಪಿಯನ್ ರೀಫ್‌ನ ವಿಧವೆಗೆ ಬೇಡವೇ?

ಇಲ್ಲಿ ಮಾಲೀಕರ ಕಡೆಯ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಬಂಗಾರಪೇಟೆಯ ಮಾಲೀಕರೆಲ್ಲ ಜಮೀನುದಾರರಲ್ಲ. ಮನೆ ಕಟ್ಟಿ ನೋಡು ಎಂಬ ಗಾದೆಯಂತೆ, ನಿವೃತ್ತಿಯ ಹಣವನ್ನೆಲ್ಲ ಸುರಿದು ಎರಡು ಕೋಣೆ ಕಟ್ಟಿ, ಒಂದರಲ್ಲಿ ತಾನಿದ್ದು ಇನ್ನೊಂದರ ಬಾಡಿಗೆಯಲ್ಲಿ ಔಷಧಿ ಕೊಳ್ಳುವ ಮುದುಕಿಯೂ ಮಾಲೀಕಳೇ. ಆಕೆಗೆ ವರ್ಷಗಟ್ಟಲೆ ಬಾಡಿಗೆ ಕೊಡದೆ, ಮೊಕದ್ದಮೆ ಎಳೆದಾಡುವ ಬಾಡಿಗೆದಾರನೂ ಇದ್ದಾನೆ. ಅವನಿಗೆ ಪುಕ್ಕಟೆ ವಕೀಲರನ್ನೂ ಕೊಟ್ಟರೆ ಆ ಮುದುಕಿಗೆ ಯಾರು ದಿಕ್ಕು?

ಇದಕ್ಕೆ ಉತ್ತರ ಹೇಳಬೇಕು. ಮೊದಲನೆಯದಾಗಿ, ಆ ಮುದುಕಿಯೂ ಮಹಿಳೆ; ಕಾನೂನಿನ ಪ್ರಕಾರ ಆಕೆಗೂ ಉಚಿತ ನೆರವಿನ ಹಕ್ಕಿದೆ. ಎರಡನೆಯದಾಗಿ, ಎಳೆದಾಡುವವನು ವಕೀಲರಿಲ್ಲದವನಲ್ಲ. ಎಳೆದಾಡುವುದಕ್ಕೆ ಹಣವೂ ವಕೀಲರೂ ಬೇಕು. ನೆರವಿಲ್ಲದ ಬಡವನ ಪ್ರಕರಣ ಎಳೆಯುವುದಿಲ್ಲ, ಒಂದೆರಡು ವಾಯಿದೆಯಲ್ಲೇ ಮುಗಿದುಬಿಡುತ್ತದೆ. ಮೂರನೆಯದಾಗಿ, ಪ್ರಾಮಾಣಿಕ ವಕೀಲನ ಮೊದಲ ಕೆಲಸ ಕಕ್ಷಿದಾರನಿಗೆ ಸತ್ಯ ಹೇಳುವುದು. "ಅಮ್ಮಾ, ನಿಮ್ಮ ಕೇಸು ನಿಲ್ಲುವುದಿಲ್ಲ. ಮುಂಗಡ ವಾಪಸು ಕೊಡಿಸುತ್ತೇನೆ, ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಮೂರು ತಿಂಗಳು ಕೇಳುತ್ತೇನೆ, ಆಮೇಲೆ ಬಿಟ್ಟುಕೊಡಿ" ಎಂದು ಹೇಳುವುದೂ ವಕಾಲತ್ತೇ. ಇದರಿಂದ ಮಾಲೀಕನಿಗೆ ಮನೆ ಬೇಗ ಸಿಗುತ್ತದೆ, ಬಾಡಿಗೆದಾರನ ಪಾತ್ರೆಪಗಡಿ ಬೀದಿಗೆ ಬೀಳುವುದಿಲ್ಲ.

ವಕಾಲತ್ತಿಗೆ ಗಡಿಯೂ ಇದೆ. ವಂಚಕರ ಪರ ವಾದಿಸಬಾರದೆಂದು ಕುರ್‌ಆನ್ 'ಅನ್ನಿಸಾ' ಅಧ್ಯಾಯದಲ್ಲಿ ಪ್ರವಾದಿಯವರನ್ನೇ ಎಚ್ಚರಿಸುತ್ತದೆ. ಆ ಸೂಕ್ತಗಳ ಹಿನ್ನೆಲೆಯಾಗಿ ವ್ಯಾಖ್ಯಾನಕಾರರು ಹೇಳುವ ಘಟನೆ ಪ್ರಸಿದ್ಧ. ಮದೀನಾದಲ್ಲಿ ಮುಸ್ಲಿಮನೆನಿಸಿಕೊಂಡವನೊಬ್ಬ ಕಳವು ಮಾಡಿ, ಆರೋಪವನ್ನು ಒಬ್ಬ ಯಹೂದಿಯ ಮೇಲೆ ಹೊರಿಸಿದ. ಅವನ ಕುಲದವರು ಒಟ್ಟಾಗಿ ಬಂದು ಅವನ ಪರ ವಾದಿಸಿದರು. ದಿವ್ಯವಾಣಿ ಯಹೂದಿಯನ್ನು ನಿರಪರಾಧಿಯೆಂದು ಸಾರಿತು. ನಮ್ಮವನೆಂಬ ಕಾರಣಕ್ಕೆ ನಾಲಗೆ ಎರವಲು ಕೊಡಬಾರದು, ಪರಕೀಯನೆಂಬ ಕಾರಣಕ್ಕೆ ನಾಲಗೆ ತಡೆಹಿಡಿಯಲೂಬಾರದು ಎಂಬುದು ಅದರ ಪಾಠ. ಸುಳ್ಳು ರಸೀದಿ ಸೃಷ್ಟಿಸುವುದು ವಕಾಲತ್ತಲ್ಲ. ಇರುವ ಸತ್ಯಕ್ಕೆ ಬಾಯಿ ಕೊಡುವುದು ವಕಾಲತ್ತು.

ನಮ್ಮ ದೇಶದ ಕಾನೂನು ಈ ಆದರ್ಶವನ್ನು ಅರ್ಧ ದಾರಿಯವರೆಗೆ ತಂದಿದೆ. 1976ರ 42ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 39ಎ ವಿಧಿ ಸೇರಿತು. ಬಡತನದ ಕಾರಣಕ್ಕೆ ಯಾರಿಗೂ ನ್ಯಾಯದ ಅವಕಾಶ ತಪ್ಪದಂತೆ ಉಚಿತ ಕಾನೂನು ನೆರವು ಒದಗಿಸುವುದು ಸರಕಾರದ ಹೊಣೆಯಾಯಿತು. 1979ರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಡ ಆರೋಪಿಗೆ ವಕೀಲರನ್ನು ಒದಗಿಸುವುದನ್ನು ಜೀವಿಸುವ ಹಕ್ಕಿನ ಭಾಗವೆಂದಿತು. 1986ರ ಸುಕ್ ದಾಸ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಆರೋಪಿ ಕೇಳಲಿಲ್ಲ ಎಂಬ ಕಾರಣಕ್ಕೆ ಆ ಹಕ್ಕು ತಪ್ಪುವುದಿಲ್ಲ ಎಂದಿತು. ಹಕ್ಕಿದೆಯೆಂದೇ ತಿಳಿಯದವನು ಅದನ್ನು ಕೇಳುವುದಾದರೂ ಹೇಗೆ?

ಆದರೆ ಇದೆಲ್ಲ ಕ್ರಿಮಿನಲ್ ಪ್ರಕರಣಗಳಿಗೆ. 2022ರಲ್ಲಿ ಆರಂಭವಾದ ಪೂರ್ಣಾವಧಿ ಕಾನೂನು ನೆರವು ವಕೀಲರ ವ್ಯವಸ್ಥೆಯೂ ಕ್ರಿಮಿನಲ್ ಆರೋಪಿಗಳಿಗಾಗಿಯೇ. ಒಂದು ಸಣ್ಣ ಕಳವಿನ ಆರೋಪಿಗೆ ನ್ಯಾಯಾಲಯವೇ ವಕೀಲರು ಬೇಕೇ ಎಂದು ಕೇಳುತ್ತದೆ. ಮನೆ ಕಳೆದುಕೊಳ್ಳುವ ತಾಯಿಯನ್ನು ಹಾಗೆ ಕೇಳಲೇಬೇಕೆಂಬ ಕಟ್ಟಳೆಯಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರ 12ನೇ ಕಲಮು ಸಿವಿಲ್ ಪ್ರಕರಣಗಳಿಗೂ ಅನ್ವಯಿಸುತ್ತದೆ. ಪರಿಶಿಷ್ಟ ಜಾತಿ ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಇವರಿಗೆಲ್ಲ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರು ಸಿಗಬೇಕು. ಉಳಿದವರಿಗೆ ಆದಾಯದ ಮಿತಿಯೊಳಗೆ. ಕೆಜಿಎಫ್‌ನ ಲೈನುಗಳಲ್ಲಿ ನಿಂತು ಈ ಪಟ್ಟಿಯನ್ನು ಓದಿ. ಅದರಿಂದ ಹೊರಗುಳಿಯುವ ಮನೆಗಳು ಎಷ್ಟು ಸಿಕ್ಕಾವು? ಆ ಊರಿಗಾಗಿಯೇ ಬರೆದಂತಿದೆ ಕಲಮು. ಆದರೂ ಅದು ಅರ್ಜಿ ಹಾಕಿದವರಿಗೆ ಮಾತ್ರ. ಅರ್ಜಿ ಹಾಕಲು ಗೊತ್ತಿರುವವನಿಗೆ ಅರ್ಧ ವಕೀಲರಾಗಲೇ ಸಿಕ್ಕಂತೆ.

ಕ್ರಿಮಿನಲ್ ಪ್ರಕರಣದಲ್ಲಿ ಹೋಗುವುದು ಸ್ವಾತಂತ್ರ್ಯ, ಸಿವಿಲ್ ಪ್ರಕರಣದಲ್ಲಿ ಹೋಗುವುದು ಬರೀ ಆಸ್ತಿ ಎಂಬ ಲೆಕ್ಕಾಚಾರ ಈ ಭೇದದ ಹಿಂದಿದೆ. ಮನೆ ಎಂಬುದು ಆಸ್ತಿಯಷ್ಟೇ ಆಗಿದ್ದರೆ ಈ ಲೆಕ್ಕ ಸರಿ. ಆದರೆ ನಮ್ಮ ಭಾಷೆಗೆ ಹೆಚ್ಚು ಗೊತ್ತು. ನಾವು 'ಒಕ್ಕಲೆಬ್ಬಿಸು' ಎನ್ನುತ್ತೇವೆ. ಎಬ್ಬಿಸುವುದು ಗೋಡೆಯನ್ನಲ್ಲ, ಒಂದು ಒಕ್ಕಲನ್ನು, ಒಂದು ಸಂಸಾರವನ್ನು. ಮನೆಯ ಜೊತೆ ರೇಷನ್ ಕಾರ್ಡಿನ ವಿಳಾಸ ಹೋಗುತ್ತದೆ, ಮಕ್ಕಳ ಶಾಲೆ ಹೋಗುತ್ತದೆ, ಸಾಲ ಕೊಡುತ್ತಿದ್ದ ಅಂಗಡಿ ಹೋಗುತ್ತದೆ, ಬೆಳಗಿನ ರೈಲಿಗೆ ನಡೆದು ಹೋಗಬಹುದಾದ ದೂರ ಹೋಗುತ್ತದೆ. ಸೂರು ಹೋದರೆ ಜೀವನೋಪಾಯವೂ ಹೋಗುತ್ತದೆ ಎಂದು ಮುಂಬಯಿಯ ಫುಟ್‌ಪಾತ್ ನಿವಾಸಿಗಳ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1985ರಲ್ಲೇ ಒಪ್ಪಿಕೊಂಡಿತ್ತು. ತೆರವಿಗೆ ಮೊದಲು ಅವರ ಮಾತು ಕೇಳಬೇಕೆಂಬ ತತ್ವವನ್ನೂ ಎತ್ತಿಹಿಡಿದಿತ್ತು. ಕೇಳಬೇಕೆಂದ ಮೇಲೆ, ಹೇಳಲು ಬಾಯಿಯನ್ನೂ ಕೊಡಬೇಡವೇ?

ಇದು ಆಗದ ಮಾತೇನೂ ಅಲ್ಲ. ನ್ಯೂಯಾರ್ಕ್ ನಗರ 2017ರಲ್ಲಿ, ತೆರವಿನ ಮೊಕದ್ದಮೆ ಎದುರಿಸುವ ಬಡ ಬಾಡಿಗೆದಾರರಿಗೆ ನಗರದ ಖರ್ಚಿನಲ್ಲೇ ವಕೀಲರನ್ನು ಒದಗಿಸುವ ಕಾನೂನು ತಂದಿತು. ಅಮೆರಿಕದಲ್ಲಿ ಅಂಥದ್ದನ್ನು ಮಾಡಿದ ಮೊದಲ ನಗರ ಅದು. ಹೀಗೆ ವಕೀಲರು ಸಿಕ್ಕಿದ ಬಾಡಿಗೆದಾರರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಮನೆಯಲ್ಲೇ ಉಳಿದರೆಂದು ನಗರಾಡಳಿತವೇ ವರದಿ ಮಾಡಿತು. ಇದರ ಅರ್ಥ ಗಮನಾರ್ಹ. ಹಿಂದೆ ವಕೀಲರಿಲ್ಲದೆ ಸೋತವರಲ್ಲಿ ಎಷ್ಟೋ ಮಂದಿ ಸೋತಿದ್ದು ತಮ್ಮ ಕಡೆ ನ್ಯಾಯವಿಲ್ಲದ್ದಕ್ಕಲ್ಲ, ದನಿಯಿಲ್ಲದ್ದಕ್ಕೆ.

ಇಷ್ಟು ಹೇಳಿ ಸರಕಾರದತ್ತ ಬೆರಳು ತೋರಿಸಿ ಮುಗಿಸಿದರೆ ನಾವು ನಮ್ಮನ್ನೇ ವಂಚಿಸಿಕೊಂಡಂತೆ. ಏಕೆಂದರೆ ನಮ್ಮ ಜಮಾಅತ್‌ಗಳೂ ಮಾಲೀಕರೇ. ರಾಜ್ಯದ ಊರೂರುಗಳಲ್ಲಿ ಮಸೀದಿಗೆ ಸೇರಿದ ಮಳಿಗೆಗಳಿವೆ, ವಕ್ಫ್ ಮನೆಗಳಿವೆ. ಅವುಗಳ ಬಾಡಿಗೆದಾರರಲ್ಲಿ ಮುಸ್ಲಿಮರೂ ಇದ್ದಾರೆ, ಇತರರೂ ಇದ್ದಾರೆ. ವಕ್ಫ್ ಕಾಯ್ದೆಗೆ 2013ರಲ್ಲಿ ತಂದ ತಿದ್ದುಪಡಿ, ಬಾಡಿಗೆ ಅವಧಿ ಮುಗಿದ ಮೇಲೂ ಉಳಿದಿರುವವನನ್ನು 'ಒತ್ತುವರಿದಾರ'ನ ಸಾಲಿಗೆ ಸೇರಿಸಿತು. ವಕ್ಫ್ ಆಸ್ತಿಯನ್ನು ಕೆಲವು ಬಲಾಢ್ಯರು ಪುಡಿಗಾಸಿನ ಬಾಡಿಗೆಗೆ ನುಂಗಿರುವುದು ಸುಳ್ಳಲ್ಲ; ಅವರನ್ನು ಎಬ್ಬಿಸಲೇಬೇಕು. ಆದರೆ ಅದೇ ಪದ ನಲವತ್ತು ವರ್ಷ ಬಾಡಿಗೆ ಕೊಟ್ಟ ಸೈಕಲ್ ರಿಪೇರಿಯವನಿಗೂ ಅಂಟುತ್ತದೆ. ಜಮಾಅತಿನ ಪರ ವಕೀಲರಿರುತ್ತಾರೆ, ಅವನ ಪರ ಯಾರು? ಲೈನಿನ ಮನೆಯಲ್ಲಿ ನಾವು ಒಂದು ಕುರಿಯವರು, ಮಸೀದಿಯ ಮಳಿಗೆಯ ವಿಷಯದಲ್ಲಿ ನಾವೇ ತೊಂಬತ್ತೊಂಬತ್ತು ಕುರಿಯವರು. ನ್ಯಾಯಕ್ಕಾಗಿ ಸ್ವತಃ ತಮ್ಮ ವಿರುದ್ಧವಾದರೂ ನಿಲ್ಲಬೇಕೆಂದು ಕುರ್‌ಆನ್ ಆಜ್ಞಾಪಿಸಿರುವುದು ಇಂಥ ಹೊತ್ತಿಗಾಗಿಯೇ.

ಜಮಾಅತಿನ ಪಂಚಾಯ್ತಿ, ಲೋಕ ಅದಾಲತ್‌ಗಳ ರಾಜಿ ಒಳ್ಳೆಯದೇ. ಆದರೆ ರಾಜಿಯೂ ಸಮಾನರ ನಡುವೆ ಮಾತ್ರ ರಾಜಿ. ಲೋಕ ಅದಾಲತ್‌ನ ತೀರ್ಪಿಗೆ ಮೇಲ್ಮನವಿಯಿಲ್ಲ. ಓದಲಾರದ ರಾಜಿಪತ್ರದ ಮೇಲೆ ಹೆಬ್ಬೆಟ್ಟು ಒತ್ತುವ ಮುನ್ನ, ಅದರಲ್ಲೇನಿದೆಯೆಂದು ತನ್ನದೇ ಭಾಷೆಯಲ್ಲಿ ಹೇಳುವ ಒಬ್ಬರು ಪಕ್ಕದಲ್ಲಿರಬೇಕು. 1930ರ ಗಣಿ ಕಾರ್ಮಿಕರ ಭಯ ಇಂದಿಗೂ ಸಕಾರಣವೇ.

ಮಾಡಬಹುದಾದ್ದು ದೊಡ್ಡ ಕೆಲಸವೇನಲ್ಲ. ಕಾನೂನು ಸೇವೆಗಳ ಪ್ರಾಧಿಕಾರದ ಉಚಿತ ದ‌ೂರವಾಣಿ ಸಂಖ್ಯೆ 15100 ಮತ್ತು 12ನೇ ಕಲಮಿನ ಪಟ್ಟಿ ಕನ್ನಡ, ತಮಿಳು, ತೆಲುಗು, ಉರ್ದುವಿನಲ್ಲಿ ಮಸೀದಿ, ಚರ್ಚು, ದೇವಸ್ಥಾನ, ರೈಲು ನಿಲ್ದಾಣಗಳಲ್ಲಿ ತೂಗಲಿ. ಜುಮುಅದ ಬಳಿಕ ಎರಡು ನಿಮಿಷ ಅದನ್ನು ಹೇಳಲಿ. ನಮ್ಮ ಯುವ ವಕೀಲರು ತಿಂಗಳಿಗೊಂದು ಭಾನುವಾರ ಲೈನುಗಳಿಗೆ ಹೋಗಿ ಕೂರಲಿ; ರೈಲಿಗೆ ಹೋಗುವವರಿಗೆ ಬಿಡುವಿರುವುದು ಅಂದೇ. ಝಕಾತ್‌ನ ಹಕ್ಕುದಾರರ ಎಂಟು ವರ್ಗಗಳಲ್ಲಿ ಸಾಲಗಾರರೂ ಇದ್ದಾರೆ. ಬಾಕಿ ಬಾಡಿಗೆಯಲ್ಲಿ ಮುಳುಗಿದವನನ್ನು ಎರಡು ತಿಂಗಳ ಗಡುವಿನೊಳಗೆ ಎತ್ತಲು ಅದು ನೆರವಾಗಬಹುದೇ ಎಂದು ಉಲಮಾಗಳು ಯೋಚಿಸಲಿ. ತೆರವಿನ ಪ್ರಕರಣಗಳಲ್ಲಿ ಮೊದಲ ವಾಯಿದೆಗೇ ನ್ಯಾಯಾಲಯ "ವಕೀಲರಿದ್ದಾರೆಯೇ" ಎಂದು ಕೇಳುವಂತೆ ನಿಯಮ ಬರಲಿ ಎಂದು ಎಲ್ಲರೂ ಸೇರಿ ಒತ್ತಾಯಿಸೋಣ. ಅದಕ್ಕೂ ಮೊದಲು, ಯಾವುದೇ ಜಮಾಅತ್ ತನ್ನ ಬಾಡಿಗೆದಾರನಿಗೆ ನೋಟಿಸು ಕೊಡುವಾಗ ಕೊನೆಯಲ್ಲೊಂದು ಸಾಲು ಸೇರಿಸಲಿ: ನಿಮಗೆ ಉಚಿತ ವಕೀಲರು ಇಂಥಲ್ಲಿ ಸಿಗುತ್ತಾರೆ, ಅವರನ್ನು ಕಂಡು ಉತ್ತರ ಕೊಡಿ.

ಎದುರಾಳಿಯ ಬಾಯಿಗೆ ಮಾತು ಒದಗಿಸಿದ ಮೇಲೂ ಗೆದ್ದರೆ ಅದು ನಮ್ಮ ಹಕ್ಕು. ಅವನ ಮೌನದ ಲಾಭ ಪಡೆದು ಗೆದ್ದರೆ ಕೈಗೆ ಬರುವುದು ಬೀಗದ ಕೈಯೋ ಬೆಂಕಿಯ ತುಂಡೋ ಎಂದು ಖಚಿತವಾಗಿ ಹೇಳಲು ನಮ್ಮಲ್ಲಿ ಯಾರಿಂದಲೂ ಆಗದು.